192 ಅಂದ್ರೆ ನಾರ್ಮಲ್ಲಾ?

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಮೊಬೈಲಿಗೆ ಬಂದಾಗ ನಾನು ಮೆಟ್ರೋದಲ್ಲಿದ್ದೆ. ಎಲ್ಲರಂತೆ ಮೊದಲು ನೋಡಿದ್ದು ಟೋಟಲ್ ಕೊಲೆಸ್ಟ್ರಾಲ್. 192. 200ರ ಒಳಗಿದೆ, ಸದ್ಯ ಬಚಾವ್ ಅಂದುಕೊಂಡು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಅಮ್ಮ ಮಾತ್ರ, "ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡೋ" ಅಂದಳು.

ಅಮ್ಮನ ಆತಂಕಕ್ಕೆ ಕಾರಣವಿದೆ. ಅಪ್ಪ ಹೋದದ್ದು 49ಕ್ಕೆ, ಹಾರ್ಟ್ ಅಟ್ಯಾಕ್‌ನಿಂದ. ಸಿಗರೇಟು ಮುಟ್ಟಿದವರಲ್ಲ, ಸಪೂರ ಮೈ. ಅವರ ಕೊನೆಯ ರಿಪೋರ್ಟಿನಲ್ಲೂ 'ನಾರ್ಮಲ್' ಅಂತಲೇ ಇತ್ತು. ಅಮ್ಮ ಅದನ್ನು ಇವತ್ತಿಗೂ ಬೀರುವಿನಲ್ಲಿ ಇಟ್ಟಿದ್ದಾಳೆ. ನನಗೀಗ 34.

ಡಾಕ್ಟರು ಟೋಟಲ್ ಕಡೆ ಕಣ್ಣೂ ಹಾಯಿಸಲಿಲ್ಲ. ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240. ಎರಡಕ್ಕೂ ಪೆನ್ನಿನಿಂದ ಸುತ್ತು ಹಾಕಿದರು. "192ರಲ್ಲಿ 34 ಕಳೀರಿ." 158. ಇದು ನಾನ್-ಎಚ್‌ಡಿಎಲ್, ಅಂದರೆ ರಕ್ತನಾಳದ ಗೋಡೆ ಸೇರಬಲ್ಲ ಕೊಲೆಸ್ಟ್ರಾಲ್‌ನ ಒಟ್ಟು ಮೊತ್ತ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ, ಅಪಾಯ ಕಡಿಮೆ ಇರುವವರಲ್ಲೂ ಇದು 130ರ ಒಳಗಿರಬೇಕು. ಈ ಲೆಕ್ಕಕ್ಕೆ ಪೈಸೆ ಖರ್ಚಿಲ್ಲ, ನಿಮ್ಮ ಹಳೇ ರಿಪೋರ್ಟ್ ತೆಗೆದು ಈಗಲೇ ಮಾಡಬಹುದು.

"ಎಲ್‌ಡಿಎಲ್ 110 ಅಷ್ಟೇ ಅಲ್ವಾ ಡಾಕ್ಟ್ರೇ?" ಅಂದೆ. ಆ 110 ಅಳೆದದ್ದೇ ಅಲ್ಲವಂತೆ, ಲೆಕ್ಕ ಹಾಕಿದ್ದು. ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವ 1972ರ ಸೂತ್ರ. ಟ್ರೈಗ್ಲಿಸರೈಡ್ ಏರಿದಷ್ಟೂ ಅದು ಹಳಿ ತಪ್ಪುತ್ತದೆ. 400 ದಾಟಿದರೆ ಕೆಲಸಕ್ಕೇ ಬರಲ್ಲ.

ಆಮೇಲೆ ಅವರು ಹೇಳಿದ ಹಾಲಿನ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹತ್ತು ಲೀಟರ್ ಹಾಲನ್ನು ಲೀಟರ್ ಪ್ಯಾಕೆಟ್‌ಗೆ ತುಂಬಿದರೆ ಹತ್ತು ಪ್ಯಾಕೆಟ್, 200 ಎಂಎಲ್‌ಗೆ ತುಂಬಿದರೆ ಐವತ್ತು. ಎಲ್‌ಡಿಎಲ್ ಸಂಖ್ಯೆ ಹೇಳೋದು ಹಾಲು ಎಷ್ಟಿದೆ ಅಂತ. ಗೋಡೆಯೊಳಗೆ ನುಸುಳೋದು ಪ್ಯಾಕೆಟ್. ನನ್ನ ಹಾಗೆ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ ಇದ್ದವರಲ್ಲಿ (ನಮ್ಮ ದೇಶದಲ್ಲಿ ಇದು ತೀರಾ ಸಾಮಾನ್ಯ) ಪುಟ್ಟ ಪ್ಯಾಕೆಟ್‌ಗಳೇ ಹೆಚ್ಚು. ಪ್ರತಿ ಪ್ಯಾಕೆಟ್‌ಗೂ ಅಪೋಬಿ ಎಂಬ ಪ್ರೋಟೀನಿನ ಒಂದೇ ಒಂದು ಲೇಬಲ್ ಇರುತ್ತದೆ. ಅಪೋಬಿ ಟೆಸ್ಟ್ ಅಂದರೆ ಆ ಲೇಬಲ್‌ಗಳ ಎಣಿಕೆ. ನನ್ನದು ಜಾಸ್ತಿಯೇ ಬಂತು.

ಅಪ್ಪನ ವಿಷಯ ಕೇಳಿ ಇನ್ನೊಂದು ಟೆಸ್ಟ್ ಬರೆದರು: ಲಿಪೊಪ್ರೋಟೀನ್ (ಎ). ಇದು ಬಹುಪಾಲು ವಂಶವಾಹಿಯದೇ ಆಟ. ಊಟ, ವಾಕಿಂಗ್‌ಗೆಲ್ಲ ಹೆಚ್ಚು ಬಗ್ಗುವುದಿಲ್ಲ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಡೆಸಿಲೀಟರ್‌ಗೆ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು. ನನ್ನದು 86. ಅಪ್ಪನಿಂದ ಬಂದಿದ್ದಾ? ನೋಡೋಣ ಅಂದರೆ ಅಪ್ಪ ಇಲ್ಲ.

ಮಾತ್ರೆ ಶುರುವಾಗಿದೆ. ನಗು ಬರೋದೇನಂದ್ರೆ, ಕೊಲೆಸ್ಟ್ರಾಲ್ ಅಂತ ಹೆದರಿ ಮೊಟ್ಟೆಯ ಹಳದಿ ಬಿಸಾಕ್ತಿದ್ದ ನಾನು ದಿನಕ್ಕೆ ನಾಲ್ಕು ಸಕ್ಕರೆ ಕಾಫಿ, ತಟ್ಟೆ ತುಂಬ ಅನ್ನ, ವೀಕೆಂಡ್ ಬಿಯರ್ ಯಾವುದನ್ನೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಟ್ರೈಗ್ಲಿಸರೈಡ್ ಏರಿಸೋದು ಇವೇ.

ತಮ್ಮನಿಗೆ 29. ದಿನಾ ಜಿಮ್. "ನಂಗ್ಯಾಕಣ್ಣ ಇದೆಲ್ಲ" ಅಂತ ಎರಡು ವಾರ ತಳ್ಳಿದ. ಖಾಲಿ ಹೊಟ್ಟೆ ಬೇಕಿಲ್ಲ, ದೋಸೆ ತಿಂದೇ ಹೋಗಬಹುದು ಅಂದ ಮೇಲೆ ಶನಿವಾರ ಅಮ್ಮನೇ ಲ್ಯಾಬಿಗೆ ಕರ್ಕೊಂಡು ಹೋದಳು. ರಿಪೋರ್ಟ್ ನಾಳೆ ಬರುತ್ತೆ.