ಮುಂಬಯಿ ದರ್ಶನ: ಯಾರು ಕಟ್ಟಿದ್ದು, ಯಾರಿಗೆ ದಕ್ಕಿದ್ದು?

ಬೇಸಿಗೆ ರಜೆ ಹತ್ತಿರವಾಯಿತೆಂದರೆ ಬಸ್ ನಿಲ್ದಾಣದ ಗೋಡೆಗಳ ಮೇಲೆ ಬಣ್ಣದ ಕಾಗದಗಳು ಏಳುತ್ತವೆ: 'ಮುಂಬಯಿ ದರ್ಶನ, ಊಟ ವಸತಿ ಸಹಿತ.' ತೋರಿಸುವ ಸ್ಥಳಗಳ ಪಟ್ಟಿ ಯಾವಾಗಲೂ ಒಂದೇ. ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲು, ರಾಜಾಬಾಯಿ ಗೋಪುರ, ಬೋರಿಬಂದರಿನ ರೈಲು ನಿಲ್ದಾಣ, ಮರೀನ್ ಡ್ರೈವ್, ಎಲಿಫೆಂಟಾ ಗುಹೆ. ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ವರ್ಷವೆಲ್ಲ ಮಗ್ಗದ ಮುಂದೆಯೋ ತಕ್ಕಡಿಯ ಮುಂದೆಯೋ ನಿಂತವನು ನಾಲ್ಕು ದಿನ ಸಮುದ್ರದ ಗಾಳಿ ಕುಡಿದರೆ ತಪ್ಪೇನು? ಆದರೆ ಆ ಪಟ್ಟಿಯಲ್ಲಿ ಅರ್ಧ ನಗರವೇ ಇಲ್ಲ. ಇಲ್ಲದಿರುವ ಅರ್ಧ ಯಾರದು ಎಂದು ದುಡಿಯುವ ಜನ ಕೇಳಲೇಬೇಕು.

ಗೇಟ್‌ವೇಯಿಂದಲೇ ತೊಡಗೋಣ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆ ಕಟ್ಟಿದ ಕಮಾನು ಅದು; ಮುಗಿದದ್ದು 1924ರಲ್ಲಿ. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ದಂಡು ಅದೇ ಕಮಾನಿನಡಿ ನಡೆದು ಹಡಗು ಹತ್ತಿತೆಂದು ಮಾರ್ಗದರ್ಶಿಗಳು ಹೆಮ್ಮೆಯಿಂದ ಹೇಳುತ್ತಾರೆ. ಒಳ್ಳೆಯದು. ಆದರೆ ದಂಡು ಸುಮ್ಮನೆ ಹೋಯಿತೇ? 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆಯಾದಾಗ ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿ ಗುಂಡಿಗೆ ಎದೆಯೊಡ್ಡಿದವರು ಮುಂಬಯಿಯ ಗಿರಣಿ ಕಾರ್ಮಿಕರು. 1946ರ ಫೆಬ್ರುವರಿಯಲ್ಲಿ ನೌಕಾದಳದ ನಾವಿಕರು ಬಂಡೆದ್ದಾಗ ಗಿರಣಿ ಮುಚ್ಚಿ ಬೀದಿಗೆ ಇಳಿದವರೂ ಅವರೇ. ಆ ಕೆಲವು ದಿನಗಳಲ್ಲಿ ಸತ್ತವರು ಇನ್ನೂರಕ್ಕೂ ಮೇಲೆ. ದೊರೆ ಇಳಿದ ಜಾಗಕ್ಕೆ ಭವ್ಯ ಕಮಾನು. ದೊರೆತನವನ್ನು ಇಳಿಸಿದವರು ಬಿದ್ದ ಬೀದಿಗಳು ಯಾವ ದರ್ಶನದ ಪಟ್ಟಿಯಲ್ಲಿವೆ?

ಇನ್ನು ರಾಜಾಬಾಯಿ ಗೋಪುರ. 1878ರಲ್ಲಿ ಮುಗಿದ ಇದಕ್ಕೆ ಎರಡು ಲಕ್ಷ ರೂಪಾಯಿ ಕೊಟ್ಟವನು ಪ್ರೇಮಚಂದ ರಾಯಚಂದ. ಹೆಸರು ಅವನ ತಾಯಿಯದು. ಆ ಹಣದ ಮೂಲವೇನು? ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಮುಂಬಯಿಯ ದಲ್ಲಾಳಿಗಳ ಮೇಲೆ ಚಿನ್ನದ ಮಳೆ ಸುರಿಯಿತು. ಆ ಹತ್ತಿಯಲ್ಲಿ ನಮ್ಮ ಧಾರವಾಡ ಸೀಮೆಯ ಪಾಲೂ ಇತ್ತು. ಎರೆಹೊಲದ ರೈತ ಬೆಳೆದದ್ದು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು, ಕುಮಟೆಯ ಬಂದರಿನಿಂದ ಹಡಗೇರಿ ಮುಂಬಯಿ ಸೇರುತ್ತಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು, ಬ್ಯಾಂಕುಗಳು ಮುಳುಗಿದವು. ಅವುಗಳನ್ನು ನಂಬಿದ್ದ ಸಣ್ಣ ಜನರೂ ಮುಳುಗಿದರು. ವ್ಯಾಪಾರಿ ಮಿತ್ರರೇ, ಸಟ್ಟಾ ಎಂಬುದು ಯಾರನ್ನು ಎತ್ತುತ್ತದೆ, ಯಾರನ್ನು ಹೂಳುತ್ತದೆ ಎಂಬುದಕ್ಕೆ ಆ ಗೋಪುರಕ್ಕಿಂತ ಎತ್ತರದ ಸಾಕ್ಷಿ ಬೇಕೇ?

ಬೋರಿಬಂದರಿನ ನಿಲ್ದಾಣ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರ ಕೆತ್ತನೆ ನೋಡಿ ಬಾಯಿ ತೆರೆಯದವರಿಲ್ಲ. ಆದರೆ ಅಲ್ಲಿಂದ ಹೊರಡುವ ಹಳಿ ಬೋರ್ ಘಟ್ಟ ಹತ್ತುವಾಗ ಸಾವಿರಾರು ಕೂಲಿಗಳು ರೋಗಕ್ಕೂ ಅಪಘಾತಕ್ಕೂ ಬಲಿಯಾದರು. ಅವರ ಹೆಸರು ಕೆತ್ತಲು ಕಲ್ಲು ಉಳಿದಿರಲಿಲ್ಲವೋ ಏನೋ! ಎಲಿಫೆಂಟಾದ ಕತೆ ಕೇಳಿ. 1987ರಲ್ಲೇ ಜಗತ್ತಿನ ಪರಂಪರೆಯೆಂದು ಮನ್ನಣೆ ಪಡೆದ ಆ ದ್ವೀಪದ ಹಳ್ಳಿಗರಿಗೆ ಸಮುದ್ರದಡಿಯ ತಂತಿಯ ಮೂಲಕ ವಿದ್ಯುತ್ತು ಬಂದದ್ದು 2018ರಲ್ಲಿ! ಎದುರಿಗೆ ಮುಂಬಯಿಯ ದೀಪಮಾಲೆ. ಇಲ್ಲಿ ಮೂವತ್ತು ವರ್ಷ ಶಿವನಿಗೆ ಮನ್ನಣೆ, ಮನುಷ್ಯನಿಗೆ ಕತ್ತಲೆ.

ಈಗ ಪಟ್ಟಿಯಲ್ಲಿಲ್ಲದ ಊರಿಗೆ ಬನ್ನಿ. ಪರೇಲ, ಲಾಲಬಾಗ, ವರಳಿ. ಗಿರಣಗಾಂವ್ ಎಂದು ಇದರ ಹೆಸರು. 1854ರಲ್ಲಿ ಕಾವಸಜಿ ದಾವರ್ ತಾಡದೇವದಲ್ಲಿ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ. ಅಲ್ಲಿಂದ ಮುಂದೆ ಕೊಂಕಣದವರು, ಘಟ್ಟದ ಮೇಲಿನವರು, ತೆಲುಗರು, ಉತ್ತರದವರು, ನಮ್ಮವರು ಬಂದು ಹತ್ತಡಿ ಕೋಣೆಗಳಲ್ಲಿ ಪಾಳಿಯಂತೆ ಮಲಗಿ ಈ ನಗರವನ್ನು ನೂತರು. ನಮ್ಮ ಕರಾವಳಿಯ ಹುಡುಗರು ಹಗಲು ಹೋಟೆಲಿನ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು. ಮಂಗಳೂರಿನಿಂದ 1949ರಲ್ಲಿ ಹೋಗಿ ಚೌಪಾಟಿಯ ಮರಳಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್, 1967ರಲ್ಲಿ ಸ. ಕಾ. ಪಾಟೀಲರಂಥ ಘಟಾನುಘಟಿಯನ್ನು ಅದೇ ನಗರದಲ್ಲಿ ಸೋಲಿಸಿದರು. ಚೌಪಾಟಿಯ ಭೇಲ್‌ಪುರಿಯ ವರ್ಣನೆ ಮಾಡುವವರಿಗೆ ಈ ಮಾತು ನೆನಪಾಗುವುದಿಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷಕ್ಕೂ ಮೀರಿ ಒಲೆ ಉರಿಯದಿದ್ದರೂ ಜಗ್ಗಲಿಲ್ಲ. ಓಣಿಯ ದಿನಸಿ ಅಂಗಡಿಯವರು ಉದ್ರಿ ಕೊಟ್ಟರು. ಖಾನಾವಳಿಯ ಹೆಂಗಸರು ಇದ್ದುದರಲ್ಲಿ ಬಡಿಸಿದರು. ಗಿರಣಿ ಮುಚ್ಚಿದಾಗ ಕಾರ್ಮಿಕನ ಜೊತೆಗೆ ಅಂಗಡಿಯೂ ಮುಚ್ಚಿತು, ಖಾನಾವಳಿಯೂ ಆರಿತು. ಕಾರ್ಮಿಕನೂ ಸಣ್ಣ ವ್ಯಾಪಾರಿಯೂ ಬೇರೆ ಬೇರೆ ಎಂದು ಹೇಳುವವರಿಗೆ ಗಿರಣಗಾಂವೇ ಉತ್ತರ.

ಮುಂದೇನಾಯಿತು? ಗಿರಣಿಗಳ ಸುಮಾರು 600 ಎಕರೆ ನೆಲದ ಮೇಲೆ ಧಣಿಗಳ ಕಣ್ಣು ಬಿತ್ತು. 1991ರ ನಿಯಮದಂತೆ ಮಾರುವ ನೆಲದಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಒಂದು ಪಾಲು ಧಣಿಗೆ ಎಂದಿತ್ತು. 2001ರಲ್ಲಿ ನಿಯಮ ತಿದ್ದಿದರು: ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಪಾಲು! 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಒಂದು ಸಾಲಿನ ತಿದ್ದುಪಡಿಯಲ್ಲಿ ಜನರ ಪಾಲು ಚೂರಾಯಿತು. ಫೀನಿಕ್ಸ್ ಗಿರಣಿ ಇಂದು ದೊಡ್ಡ ಮಾಲು. ಗಿರಣಿಯ ಚಿಮಣಿ ಅಲಂಕಾರದ ವಸ್ತು. ಮನೆಗಾಗಿ ಅರ್ಜಿ ಹಾಕಿದ ಕಾರ್ಮಿಕರೂ ವಾರಸುದಾರರೂ ಲಕ್ಷಕ್ಕೂ ಮೀರಿದ್ದಾರೆ. ಚೀಟಿ ಎತ್ತಿ ಮನೆ ಕೊಟ್ಟದ್ದು ಅದರಲ್ಲಿ ಸಣ್ಣ ಪಾಲಿಗೆ. ಮಾಲು ಈಗ 'ನೋಡತಕ್ಕ ಸ್ಥಳ'!

ಬಡವನನ್ನು ತೋರಿಸುವುದೇ ಇಲ್ಲವೇ? ತೋರಿಸುತ್ತಾರೆ, ಕಾಸಾದರೆ. ಧಾರಾವಿಯ ಓಣಿಗಳಲ್ಲಿ ಹಣ ಪಡೆದು ಪ್ರವಾಸಿಗಳನ್ನು ತಿರುಗಿಸುತ್ತಾರೆ. ಮಹಾಲಕ್ಷ್ಮಿಯ ಸೇತುವೆಯ ಮೇಲೆ ನಿಂತು ಕೆಳಗೆ ಬಟ್ಟೆ ಒಗೆಯುವವರ ಚಿತ್ರ ಹಿಡಿಯುತ್ತಾರೆ. ದುಡಿಯುವವನು ಹಕ್ಕು ಕೇಳಿದರೆ ಕಾಣುವುದಿಲ್ಲ. ಬಗ್ಗಿ ದುಡಿಯುತ್ತಿದ್ದರೆ ಮಾತ್ರ ಚಂದ ಕಾಣುತ್ತಾನೆ.

ಮಿತ್ರರೇ, ಇದು ದೂರದೂರಿನ ಸುದ್ದಿಯೆಂದು ಮಡಿಸಿಡಬೇಡಿ. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡವರು ನಾವು. ಗಿರಣಿ ಮುಚ್ಚಿದಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ನೆಲ ಯಾರಿಗೆ? ಮನೆಗೋ, ಸಂತೆಗೋ, ಶಾಲೆಗೋ, ಅಥವಾ ಇನ್ನೊಂದು ಮಾಲಿಗೋ? ನಿಯಮ ತಿದ್ದುವ ಮೊದಲೇ ಕೇಳಬೇಕು. ತಿದ್ದಿದ ಮೇಲೆ ಅತ್ತು ಫಲವಿಲ್ಲ.

ಮುಂಬಯಿಗೆ ಹೋಗಿ. ಗೇಟ್‌ವೇ ನೋಡಿ, ಸಮುದ್ರ ನೋಡಿ. ಆಮೇಲೆ ಲೋಕಲ್ ರೈಲು ಹತ್ತಿ ಪರೇಲಿನಲ್ಲಿ ಇಳಿದು, ಮಕ್ಕಳಿಗೆ ಉಳಿದಿರುವ ಒಂದು ಚಿಮಣಿ ತೋರಿಸಿ ಹೇಳಿ: ಈ ನಗರವನ್ನು ಕಟ್ಟಿದವರು ನಮ್ಮಂಥವರು, ಅವರ ಪಾಲು ಇನ್ನೂ ಬಾಕಿ ಇದೆ.