ಮೊದಲ ಪುಟದ ಬಾಗಿಲು ಕಾಯುವವರು: ಭಾರತೀಯ ಸ್ಪರ್ಧಾ ಆಯೋಗದ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ,

ಮುಕ್ತ ಅಂತರ್ಜಾಲದ ಬಗ್ಗೆ ಭಾರತದಲ್ಲಿ ದೊಡ್ಡ ಚರ್ಚೆ ಎದ್ದದ್ದು 2015–16ರಲ್ಲಿ. ಫೇಸ್‌ಬುಕ್ ತನ್ನ ಫ್ರೀ ಬೇಸಿಕ್ಸ್ ಯೋಜನೆಯಲ್ಲಿ ಆಯ್ದ ಕೆಲವೇ ತಾಣಗಳನ್ನು ಪುಕ್ಕಟೆಯಾಗಿ ತೋರಿಸಲು ಹೊರಟಿತ್ತು. ಲಕ್ಷಾಂತರ ಜನ ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೆ ಇಮೇಲ್ ಬರೆದರು. ತಾಣಕ್ಕೊಂದು ದರ ವಿಧಿಸಕೂಡದೆಂದು 2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು. ಆದರೆ ಟ್ರಾಯ್ ಕೈಗೆತ್ತಿಕೊಂಡದ್ದು ದಾರಿಯ ಪ್ರಶ್ನೆಯನ್ನು ಮಾತ್ರ: ಬಳಕೆದಾರನಿಗೂ ತಾಣಕ್ಕೂ ನಡುವೆ ಟೆಲಿಕಾಂ ಕಂಪನಿ ಅಡ್ಡ ನಿಲ್ಲಬಹುದೇ? ಅಂಥದೊಂದು ತಾಣವಿದೆ ಎಂಬುದು ಬಳಕೆದಾರನಿಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಬರಲಿಲ್ಲ. ಅದು ಸ್ಪರ್ಧಾ ಆಯೋಗದ ಪಾಲಿನದು.

ಸರ್ಚ್ ಎಂಜಿನ್ನಿನ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಕ್ರಾಲರ್ ಎಂಬ ತಂತ್ರಾಂಶ ಲಿಂಕ್ ಹಿಡಿದು ಪುಟದಿಂದ ಪುಟಕ್ಕೆ ಹೋಗಿ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬರುತ್ತದೆ. ಓದಿದ್ದು ಇಂಡೆಕ್ಸ್‌ಗೆ, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಬೃಹತ್ ಪದಸೂಚಿಗೆ ಸೇರುತ್ತದೆ. ಯಾರಾದರೂ ಹುಡುಕಿದಾಗ ಅದರಿಂದ ಪುಟಗಳನ್ನು ಹೆಕ್ಕಿ ಒಂದರ ಕೆಳಗೊಂದು ಜೋಡಿಸಲಾಗುತ್ತದೆ. ತಕರಾರೆಲ್ಲ ಇರುವುದು ಈ ಜೋಡಣೆಯಲ್ಲಿ.

ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇಯ್ ಬ್ರಿನ್ 1998ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಸರಳವಾದದ್ದು. ಒಂದು ಪುಟಕ್ಕೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಕೊಟ್ಟ ಪುಟಗಳಿಗೆ ಎಷ್ಟು ತೂಕವಿದೆ ಎಂಬುದರ ಮೇಲೆ ಆ ಪುಟದ ಸ್ಥಾನ ನಿಂತಿರುತ್ತದೆ. ಅದೇ ಪ್ರಬಂಧದ ಅನುಬಂಧದಲ್ಲಿ ಅವರು, ಜಾಹೀರಾತಿನ ದುಡ್ಡಿನಿಂದ ನಡೆಯುವ ಸರ್ಚ್ ಎಂಜಿನ್ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಎಚ್ಚರಿಸಿದ್ದರು. ಆಮೇಲೆ ಅವರೇ ಕಟ್ಟಿದ ಗೂಗಲ್ ಕಂಪನಿ ನಡೆದದ್ದು ಯಾವ ದುಡ್ಡಿನಿಂದ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಲಿಂಕ್ ಎಣಿಕೆಯ ಜೊತೆಗೆ ನೂರಾರು ಸುಳಿವುಗಳು ಸೇರಿವೆ. ಅವುಗಳಲ್ಲಿ ಮುಖ್ಯವಾದದ್ದು ಬಳಕೆದಾರರ ನಡವಳಿಕೆ: ಯಾವ ಫಲಿತಾಂಶದ ಮೇಲೆ ಕ್ಲಿಕ್ ಮಾಡಿದರು, ಎಷ್ಟು ಬೇಗ ಹಿಂದಕ್ಕೆ ಬಂದರು. ಹೆಚ್ಚು ಜನ ಹುಡುಕಿದಷ್ಟೂ ಎಂಜಿನ್ ಕಲಿಯುತ್ತದೆ. ಕಲಿತಷ್ಟೂ ಜನ ಅಲ್ಲಿಗೇ ಹೋಗುತ್ತಾರೆ. ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರ ತೀರ್ಪಿನಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದರು. ಪ್ರತಿಸ್ಪರ್ಧಿಗಳೆಲ್ಲರಿಗೆ ಒಟ್ಟಾಗಿ ಬರುವ ಹುಡುಕಾಟಗಳ ಒಂಬತ್ತು ಪಟ್ಟು, ಮೊಬೈಲಿನಲ್ಲಂತೂ ಹತ್ತೊಂಬತ್ತು ಪಟ್ಟು, ಗೂಗಲ್ ಒಂದಕ್ಕೇ ಬರುತ್ತವೆ ಎಂಬುದು ಅದೇ ತೀರ್ಪಿನಲ್ಲಿದೆ. ಕನ್ನಡದ ಮಟ್ಟಿಗೆ ಇದರ ಪೆಟ್ಟು ಇನ್ನೂ ಜೋರು. ಇಂಗ್ಲಿಷಿನಲ್ಲಿ ಸಣ್ಣ ಎಂಜಿನ್ನಿಗೂ ಕಲಿಯುವಷ್ಟು ಹುಡುಕಾಟಗಳು ಸಿಕ್ಕಾವು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಯಾವುದು, ಪಹಣಿ ತಿದ್ದುಪಡಿ ಹೇಗೆ ಎಂದು ಕನ್ನಡದಲ್ಲಿ ಕೇಳುವವರು ಹೋಗುವುದು ಒಂದೇ ಕಡೆಗಾದರೆ ಎರಡನೆಯ ಎಂಜಿನ್ ಕನ್ನಡ ಕಲಿಯುವುದಾದರೂ ಎಲ್ಲಿ?

ಕನ್ನಡದ ಪುಟ ಕಣ್ಣಿಗೆ ಬೀಳದ್ದಕ್ಕೆಲ್ಲ ಕಂಪನಿಗಳೇ ಹೊಣೆ ಎನ್ನುವಂತಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕೂತಿರುತ್ತಿದ್ದವು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಕ್ರಾಲರ್‌ಗೆ ಅರ್ಥವಿಲ್ಲದ ಅಕ್ಷರರಾಶಿ. ಹಾಗೆ ತಯಾರಾದ ಮತ್ತು ಸ್ಕ್ಯಾನ್ ಮಾಡಿ ಹಾಕಿದ ಸರ್ಕಾರಿ ಪಿಡಿಎಫ್‌ಗಳು ಇವತ್ತಿಗೂ ಇವೆ. ಅವನ್ನು ಸರಿಪಡಿಸುವ ಕೆಲಸ ಆಯೋಗದ್ದಲ್ಲ, ಬೆಂಗಳೂರಿನ ಸರ್ಕಾರಿ ಕಚೇರಿಗಳದ್ದು.

ಜೋಡಣೆಯ ಅಧಿಕಾರ ಎಂಥದ್ದೆಂದು ಕನ್ನಡಿಗರಿಗೆ 2021ರ ಜೂನ್‌ನಲ್ಲಿ ಗೊತ್ತಾಯಿತು. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಪುಟದ ನೆತ್ತಿಯ ಮೇಲೆ ಚೌಕದೊಳಗೆ ಕನ್ನಡ ಎಂಬ ಉತ್ತರ ಬರುತ್ತಿತ್ತು. ರಾಜ್ಯದಲ್ಲಿ ಆಕ್ರೋಶ ಎದ್ದಿತು. ಸಚಿವ ಅರವಿಂದ ಲಿಂಬಾವಳಿ ನೋಟಿಸ್ ಕೊಡುವುದಾಗಿ ಹೇಳಿದರು. ಗೂಗಲ್ ಅದನ್ನು ತೆಗೆದುಹಾಕಿ, ಅದು ತನ್ನ ಅಭಿಪ್ರಾಯವಲ್ಲ ಎಂದು ಕ್ಷಮೆ ಕೇಳಿತು. ಅಭಿಪ್ರಾಯವಲ್ಲ ಎಂಬುದು ನಿಜವೇ. ಯಾರೂ ಕೇಳರಿಯದ ತಾಣವೊಂದರ ಸಾಲನ್ನು ಯಂತ್ರ ಹೆಕ್ಕಿತ್ತು, ಅಷ್ಟೆ. ಹತ್ತು ಲಿಂಕ್‌ಗಳ ಪಟ್ಟಿಯಲ್ಲಿದ್ದಿದ್ದರೆ ಅದು ಯಾರದೋ ಹರಟೆಯಾಗಿ ಉಳಿಯುತ್ತಿತ್ತು. ಚೌಕದೊಳಕ್ಕೆ ಬಂದದ್ದರಿಂದ ತೀರ್ಪಾಯಿತು. ಆವತ್ತಿನ ಸಿಟ್ಟು ಭಾಷೆಯ ಅವಮಾನದ ಸುತ್ತಲೇ ಸುತ್ತಿತು. ಒಂದು ಖಾಸಗಿ ಯಂತ್ರಕ್ಕೆ ಇಷ್ಟು ಮಾತಿನ ಬಲ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ.

ಆ ಬಲದ ಒಂದು ಪಾಲು ದುಡ್ಡು ಕೊಟ್ಟು ಕೊಂಡದ್ದು. ಫೋನು ಮತ್ತು ಬ್ರೌಸರ್‌ಗಳಲ್ಲಿ ತಾನೇ ಮೊದಲಿನಿಂದ ಕೂತಿರಬೇಕೆಂದು ಗೂಗಲ್ 2021ರಲ್ಲಿ ಆಪಲ್ ಮೊದಲಾದವರಿಗೆ ತೆತ್ತದ್ದು 2,630 ಕೋಟಿ ಡಾಲರ್ ಎಂದು ಮೆಹ್ತಾ ತೀರ್ಪು ಲೆಕ್ಕ ಕೊಡುತ್ತದೆ. ಭಾರತದಲ್ಲಿ ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ 2022ರ ಅಕ್ಟೋಬರ್‌ನಲ್ಲಿ ಆಯೋಗವೇ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ ಮುಂದಿನ ವರ್ಷ ದಂಡವನ್ನು ಎತ್ತಿಹಿಡಿಯಿತು.

ಈಗ ಅದೇ ಬಗೆಯ ಒಪ್ಪಂದ ಫೋನಿನಿಂದ ಪುಟಗಳಿಗೆ ಬಂದಿದೆ. ಬಹುತೇಕ ತಾಣಗಳ ಬಾಗಿಲಲ್ಲಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಪುಟ್ಟ ಕಡತ ಇರುತ್ತದೆ. 1994ರಿಂದ ನಡೆದುಬಂದ ಪದ್ಧತಿ ಇದು. ಯಾವ ಕ್ರಾಲರ್ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಯಾರೂ ಬರಬೇಡಿ ಎನ್ನಲು ಎರಡೇ ಸಾಲು ಸಾಕು: ‘ಯೂಸರ್-ಏಜೆಂಟ್’ ಎಂದು ಬರೆದು ಮುಂದೆ ಒಂದು ನಕ್ಷತ್ರ ಚಿಹ್ನೆ, ‘ಡಿಸ್‌ಅಲೌ’ ಎಂದು ಬರೆದು ಮುಂದೆ ಒಂದು ಓರೆಗೆರೆ. ಕೋಟ್ಯಂತರ ಜನರ ಚರ್ಚೆಗಳಿರುವ ರೆಡಿಟ್ 2024ರ ಮಧ್ಯಭಾಗದಲ್ಲಿ ಮಾಡಿದ್ದು ಇದನ್ನೇ. ಅದಕ್ಕೆ ಕೆಲವು ತಿಂಗಳ ಮುಂಚೆ ಗೂಗಲ್ ಜೊತೆ ಅದರ ಒಪ್ಪಂದವಾಗಿತ್ತು. ಮೊತ್ತ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಎಂದು ಆಗ ವರದಿಯಾಯಿತು. ಗೂಗಲ್‌ನಲ್ಲಿ ರೆಡಿಟ್‌ನ ಹೊಸ ಬರಹಗಳು ಸಿಗುತ್ತಲೇ ಇದ್ದವು, ಬಿಂಗ್ ಮತ್ತು ಡಕ್‌ಡಕ್‌ಗೋಗಳಲ್ಲಿ ನಿಂತವು. ತಡೆಗೂ ಒಪ್ಪಂದಕ್ಕೂ ಸಂಬಂಧವಿಲ್ಲ, ಎಐ ಬಳಕೆಯ ಬಗ್ಗೆ ಖಾತ್ರಿ ಕೊಡದವರನ್ನು ಮಾತ್ರ ತಡೆದಿದ್ದೇವೆ ಎಂದು ರೆಡಿಟ್ ಹೇಳಿತು. ಆ ಮಾತನ್ನು ನಂಬಿದರೂ ಪರಿಣಾಮ ಬದಲಾಗದು. ಸಾರ್ವಜನಿಕರು ಬರೆದ, ಸಾರ್ವಜನಿಕವಾಗಿಯೇ ಇರುವ ಪುಟಗಳು ದುಡ್ಡಿದ್ದ ಎಂಜಿನ್ನಿಗೆ ಮಾತ್ರ ಕಂಡವು.

ಸಣ್ಣ ಪ್ರಕಾಶಕರ ಇಕ್ಕಟ್ಟು ಇದಕ್ಕೆ ತದ್ವಿರುದ್ಧ. ಗೂಗಲ್ ಹುಡುಕಾಟದ ಮೇಲೆ ಎಐ ಬರೆದ ಸಾರಾಂಶ 2024ರ ಆಗಸ್ಟ್‌ನಿಂದ ಭಾರತದಲ್ಲೂ ಬರತೊಡಗಿತು. ಅದಕ್ಕಾಗಿ ಪುಟ ಓದುವುದು ಹುಡುಕಾಟಕ್ಕೆಂದು ಓದುವ ಅದೇ ಕ್ರಾಲರ್. ಸಾರಾಂಶಕ್ಕೆ ಬೇಡ ಎಂದು ಅದನ್ನು ತಡೆದರೆ ಹುಡುಕಾಟದಿಂದಲೇ ಮಾಯ. ಬಿಟ್ಟರೆ ಓದುಗ ಸಾರಾಂಶ ಓದಿಕೊಂಡು ತಾಣಕ್ಕೆ ಬಾರದೆಯೇ ಹೋದಾನು. ದೊಡ್ಡ ತಾಣ ಚೌಕಾಸಿ ಮಾಡೀತು. ತಾಲ್ಲೂಕು ಸುದ್ದಿಯ ತಾಣಕ್ಕೆ ಆ ಶಕ್ತಿಯಿಲ್ಲ.

ಇವುಗಳಲ್ಲಿ ಯಾವುದೂ ಆಯೋಗಕ್ಕೆ ಅಪರಿಚಿತವಲ್ಲ. 2018ರ ಫೆಬ್ರವರಿ 8ರ ಆದೇಶದಲ್ಲಿ ಆಯೋಗ ಬಹುಮತದಿಂದ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕೆಲವು ಬಗೆಯ ಫಲಿತಾಂಶಗಳನ್ನು 2010ರವರೆಗೆ ಒಂದನೆಯ, ನಾಲ್ಕನೆಯ, ಹತ್ತನೆಯ ಸ್ಥಾನಗಳಿಗೆ ಮೊದಲೇ ಗೊತ್ತುಮಾಡಲಾಗಿತ್ತು ಎಂಬುದನ್ನು, ವಿಮಾನ ಟಿಕೆಟ್ಟಿನ ಹುಡುಕಾಟದಲ್ಲಿ ಸ್ವಂತ ಸೇವೆಯನ್ನು ಮುಂದೆ ತಂದದ್ದನ್ನು, ಪ್ರತಿಸ್ಪರ್ಧಿಯ ಹುಡುಕಾಟ ಬಳಸದಂತೆ ಪ್ರಕಾಶಕರನ್ನು ಕರಾರಿನಲ್ಲಿ ಕಟ್ಟಿಹಾಕಿದ್ದನ್ನು ಆ ಆದೇಶ ದಾಖಲಿಸಿತು. ಆದರೆ ದೂರು ಬಂದದ್ದು 2012ರಲ್ಲಿ. ಆರು ವರ್ಷದಲ್ಲಿ ಮಾರುಕಟ್ಟೆಯೇ ಬೇರೆಯಾಗಿತ್ತು. ಯುರೋಪೂ ಇದಕ್ಕಿಂತ ಚುರುಕಲ್ಲ: 2017ರಲ್ಲಿ ಶಾಪಿಂಗ್ ಪ್ರಕರಣದಲ್ಲಿ ಹಾಕಿದ 242 ಕೋಟಿ ಯೂರೋ ದಂಡಕ್ಕೆ ಅಲ್ಲಿನ ಉನ್ನತ ನ್ಯಾಯಾಲಯದ ಮುದ್ರೆ ಬಿದ್ದದ್ದು 2024ರಲ್ಲಿ.

ರ‍್ಯಾಂಕಿಂಗ್ ಸೂತ್ರವನ್ನೇ ಬಯಲು ಮಾಡಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಅದರಿಂದ ಲಾಭವಾಗುವುದು ಕಳಪೆ ಪುಟಗಳನ್ನು ಮೇಲೆ ತಳ್ಳುವ ದಂಧೆಗೆ. ಆಯೋಗ ನೋಡಬೇಕಾದದ್ದು ಫಲಿತಾಂಶವನ್ನು: ಎಂಜಿನ್ ತನ್ನದೇ ಸೇವೆಗೆ ಬೇರೆಯ ನಿಯಮ ಹಾಕಿದೆಯೇ, ಅಳತೆಗೋಲು ಎಲ್ಲರಿಗೂ ಒಂದೇ ಆಗಿದೆಯೇ. ಪುಟ ಓದುವ ಹಕ್ಕನ್ನು ಒಂದೇ ಎಂಜಿನ್ನಿಗೆ ಮಾರುವ ಒಪ್ಪಂದಗಳನ್ನು ಸ್ಪರ್ಧಾ ಕಾಯ್ದೆಯ 3(4)ನೇ ಕಲಮಿನಡಿ ಪರಿಶೀಲಿಸಲು ಹೊಸ ಕಾನೂನು ಬೇಕಿಲ್ಲ. ಹುಡುಕಾಟದ ಅನುಮತಿಯನ್ನೂ ಎಐ ಸಾರಾಂಶದ ಅನುಮತಿಯನ್ನೂ ಬೇರ್ಪಡಿಸುವ ಪ್ರಶ್ನೆ ಪ್ರಾಬಲ್ಯದ ದುರ್ಬಳಕೆಯ 4ನೇ ಕಲಮಿಗೆ ಹೊಂದುತ್ತದೆ. ವಿಚಾರಣೆ ಎಳೆಯುವಾಗ ಮಧ್ಯಂತರ ಆದೇಶಕ್ಕೆ 33ನೇ ಕಲಮು ಇದೆ. ದೈತ್ಯ ಕಂಪನಿಗಳಿಗೆ ಮೊದಲೇ ಕಟ್ಟುಪಾಡು ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು. ಅದು ಕಾನೂನಾಗುವ ತನಕ ಕೈಕಟ್ಟಿ ಕೂರುವ ಅಗತ್ಯ ಆಯೋಗಕ್ಕಿಲ್ಲ.

ಇನ್ನೊಂದು ಕೆಲಸಕ್ಕೆ ಆದೇಶವೂ ಬೇಡ. ಮುಂದಿನ ತನಿಖೆಯಲ್ಲಿ ಆಯೋಗದ ಮಹಾನಿರ್ದೇಶಕರು ಫಲಿತಾಂಶಗಳನ್ನು ಪರೀಕ್ಷಿಸುವಾಗ ಮಾದರಿ ಹುಡುಕಾಟಗಳು ಇಂಗ್ಲಿಷಿನಲ್ಲಷ್ಟೇ ಇರದೆ ಕನ್ನಡ, ತೆಲುಗು, ಒಡಿಯಾ, ಅಸ್ಸಾಮಿಗಳಲ್ಲೂ ಇರಲಿ. ಮೊದಲ ಪುಟದಲ್ಲಿ ಯಾರ ತಾಣ, ಎಷ್ಟನೆಯ ಸಾಲಿನಲ್ಲಿ ಬಂತು, ಅದರ ಮೇಲೆ ಎಂಜಿನ್ನಿನ ಸ್ವಂತದ್ದು ಎಷ್ಟಿತ್ತು ಎಂಬುದು ಭಾಷೆವಾರು ವರದಿಯಲ್ಲಿ ದಾಖಲಾಗಲಿ.

ಇಂತಿ,
ಕನ್ನಡದಲ್ಲಿ ಹುಡುಕುವವರ ಪರವಾಗಿ