ಗೇಮ್ ಆಡಿದ್ದು ಸಾಕು, ಈಗ ಕಟ್ಟೋಕೆ ಬಿಡಿ

ನಮ್ಮೂರುಗಳಲ್ಲಿ ‘ಗೇಮ್’ ಅನ್ನುವ ಪದಕ್ಕೆ ಈಗ ಎರಡೇ ಅರ್ಥ ಉಳಿದಿವೆ. ಒಂದು, ಹುಡುಗರು ರಾತ್ರಿ ಕಂಬಳಿಯೊಳಗೆ ಮೊಬೈಲ್ ಹಿಡಿದು ಗುಂಡು ಹಾರಿಸುವುದು. ಇನ್ನೊಂದು, ರಮ್ಮಿ ಆಪ್‌ನಲ್ಲಿ ಹೋದ ದುಡ್ಡು. ಎರಡನೆಯದರ ಬಗ್ಗೆ ನಾವೇ ಎಷ್ಟು ಸುದ್ದಿ ಬರೆದಿಲ್ಲ? ಟ್ರ್ಯಾಕ್ಟರ್ ಕಂತಿನ ದುಡ್ಡು ಹೋಯಿತು, ತಂಗಿ ಮದುವೆಗೆ ಇಟ್ಟಿದ್ದು ಹೋಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ಮಾಡಿತು. ಒಳ್ಳೆಯದೇ ಆಯಿತು. ಆದರೆ ಅದೇ ಕಾಯ್ದೆಯ ಹೆಸರಿನಲ್ಲಿ ‘ನಿಯಂತ್ರಣ’ಕ್ಕೂ ಮೊದಲು ‘ಉತ್ತೇಜನ’ ಅಂತ ಒಂದು ಪದ ಇದೆ. ಅದನ್ನು ಯಾರೂ ಗಮನಿಸಿದ ಹಾಗಿಲ್ಲ.

ಇಂಥ ಹೊತ್ತಿನಲ್ಲಿ ನಾವು ಒಂದು ಮಾತು ಹೇಳುತ್ತೇವೆ, ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ. ನಮ್ಮ ಜಿಲ್ಲೆಗಳ ವಿಶ್ವವಿದ್ಯಾಲಯಗಳಲ್ಲಿ, ಡಿಗ್ರಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ವಿಡಿಯೊ ಗೇಮ್ ಕಟ್ಟಬೇಕು. ಕದ್ದುಮುಚ್ಚಿ ಅಲ್ಲ, ಓದಿನ ಭಾಗವಾಗಿ, ಅಂಕ ಪಡೆದು, ಸಂಶೋಧನೆ ಅಂತ ಹೆಸರು ಪಡೆದು.

‘ಊರಲ್ಲಿ ಕುಡಿಯೋ ನೀರಿಗೆ ಗತಿ ಇಲ್ಲ, ಇವರಿಗೆ ಗೇಮ್ ಬೇಕಂತೆ’ ಅಂತ ಈಗಾಗಲೇ ಯಾರೋ ಅಂದಿರುತ್ತೀರಿ. ಸರಿ, ನೀರಿನಿಂದಲೇ ಶುರು ಮಾಡೋಣ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ಅಂತ ಒಂದು ವಿಶ್ವವಿದ್ಯಾಲಯ ಇದೆ. ಅಲ್ಲಿ ಸಿನಿಮಾ ಕಲಿಸುವ ಶಾಲೆಯೊಳಗೇ ಗೇಮ್ ಕೂಡ ಕಲಿಸುತ್ತಾರೆ. 2006ರಲ್ಲಿ ಅಲ್ಲಿನ ವಿದ್ಯಾರ್ಥಿನಿ ಸುಸಾನಾ ರೂಯಿಜ್ ತನ್ನ ಸಹಪಾಠಿಗಳ ಜೊತೆ ಸೇರಿ ಒಂದು ಆಟ ಮಾಡಿದಳು. ಹೆಸರು ‘ಡಾರ್ಫರ್ ಈಸ್ ಡೈಯಿಂಗ್’. ಡಾರ್ಫರ್ ಅಂದರೆ ಆಫ್ರಿಕಾದ ಸುಡಾನ್ ದೇಶದ ಪಶ್ಚಿಮ ಭಾಗ. ಅಲ್ಲಿ ಆಗ ಊರೂರೇ ಸುಟ್ಟುಹೋಗಿ ಲಕ್ಷಾಂತರ ಜನ ನಿರಾಶ್ರಿತರ ಶಿಬಿರ ಸೇರಿದ್ದರು.

ಆಟ ಇಷ್ಟೇ: ನೀವು ಶಿಬಿರದ ಒಂದು ಕುಟುಂಬ. ನೀರು ತರಬೇಕು. ಮನೆಯವರಲ್ಲಿ ಒಬ್ಬರನ್ನು ಆರಿಸಿ ಬಾವಿಗೆ ಕಳಿಸಬೇಕು. ಬಯಲಲ್ಲಿ ಬಂದೂಕು ಹಿಡಿದವರ ಗಾಡಿಗಳು ಓಡಾಡುತ್ತಿರುತ್ತವೆ. ಪೊದೆ ಸಿಕ್ಕರೆ ಅವಿತುಕೊಳ್ಳಬೇಕು, ಗಾಡಿ ಹೋದ ಮೇಲೆ ಮತ್ತೆ ಓಡಬೇಕು. ಮನೆಯ ಗಂಡಸನ್ನು ಕಳಿಸೋಣ ಅಂದರೆ ಆಟ ಬಿಡುವುದಿಲ್ಲ, ಸಿಕ್ಕರೆ ಕೊಂದೇ ಹಾಕುತ್ತಾರೆ ಅಂತ. ಹಾಗಾಗಿ ಮನೆಯ ಬೇರೆ ಯಾರನ್ನಾದರೂ ಕಳಿಸಬೇಕು. ಚಿಕ್ಕ ಮಗು ಹೋದರೆ ತರುವ ನೀರೂ ಕಡಿಮೆ. ಯಾರನ್ನು ಕಳಿಸುತ್ತೀರಿ? ಉತ್ತರ ಕೊಡದೆ ಆಟ ಮುಂದೆ ಹೋಗುವುದಿಲ್ಲ.

ಇಂಥ ನೋವನ್ನು ಆಟ ಮಾಡಬಹುದೇ ಅಂತ ಆಗಲೇ ಆಕ್ಷೇಪವೂ ಬಂತು. ಬರಬೇಕಾದ ಆಕ್ಷೇಪವೇ. ಆದರೆ ಲಕ್ಷಗಟ್ಟಲೆ ಜನ ಕಂಪ್ಯೂಟರ್ ಮುಂದೆ ಕೂತು ಆ ಕೊಡ ಹೊತ್ತು ಓಡಿದರು. ಡಾರ್ಫರ್ ಭೂಪಟದಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲದ ಕಾಲೇಜು ಹುಡುಗರು ಕೂಡ. ಪೇಪರಿನಲ್ಲಿ ‘ನೀರಿಗೆ ಹಾಹಾಕಾರ’ ಅಂತ ಬರೆದು ಬರೆದು ನಮ್ಮ ಕೈ ಸೋತಿದೆ, ಆ ಹೆಡ್ಡಿಂಗ್ ಕಂಡರೆ ಓದುಗರು ಪುಟ ತಿರುಗಿಸುತ್ತಾರೆ. ನಾಲ್ಕು ಕಿಲೋಮೀಟರು ನಡೆದು ಕೊಡ ತರುವ ಹೆಣ್ಣುಮಗಳ ಬೆಳಗನ್ನು ಬೆಂಗಳೂರಿನ ಆಫೀಸಿನಲ್ಲಿ ಕೂತವನ ಬೆರಳಿಗೆ ತಾಕಿಸಲು ನಮ್ಮ ಹತ್ತಿರ ಇರುವ ಸಾಧನ ಏನು? ಅದನ್ನು ಕಂಡವಳು, ಹೊತ್ತವಳು, ನಮ್ಮದೇ ಡಿಗ್ರಿ ಕಾಲೇಜಿನ ಎರಡನೇ ವರ್ಷದಲ್ಲಿ ಕೂತಿದ್ದಾಳೆ.

ಅದೇ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಮುಂಚೆ, 2005ರಲ್ಲಿ, ಚೀನಾದ ಶಾಂಘೈಯಿಂದ ಓದಲು ಬಂದಿದ್ದ ಜೆನೊವಾ ಚೆನ್ ಮತ್ತು ಗೆಳೆಯರು ‘ಕ್ಲೌಡ್’ ಅಂತ ಒಂದು ಆಟ ಮಾಡಿದ್ದರು. ಚೆನ್ ಚಿಕ್ಕಂದಿನಲ್ಲಿ ಅಸ್ತಮಾದಿಂದ ಆಸ್ಪತ್ರೆಯಲ್ಲಿ ಮಲಗಿದ್ದವನು. ಆಟದಲ್ಲೂ ಆಸ್ಪತ್ರೆಯ ಹಾಸಿಗೆಯ ಮೇಲೊಬ್ಬ ಹುಡುಗ. ಕನಸಿನಲ್ಲಿ ಹಾರುತ್ತಾನೆ, ಮೋಡ ಕೂಡಿಸುತ್ತಾನೆ, ಮಳೆ ತರಿಸುತ್ತಾನೆ. ಗುಂಡಿಲ್ಲ, ರಕ್ತ ಇಲ್ಲ. ಪುಕ್ಕಟೆ ಇಟ್ಟಿದ್ದ ಆಟವನ್ನು ಡೌನ್‌ಲೋಡ್ ಮಾಡಲು ಜನ ಮುಗಿಬಿದ್ದು ವಿಶ್ವವಿದ್ಯಾಲಯದ ಸರ್ವರ್ರೇ ಕೂತುಬಿಟ್ಟಿತು. (ನಮ್ಮಲ್ಲೂ ಕೂರುತ್ತದೆ, ರಿಸಲ್ಟ್ ದಿನ.)

ಆಮೇಲೆ ಚೆನ್ ಸ್ನಾತಕೋತ್ತರ ಪದವಿಗೆ ಬರೆದ ಪ್ರಬಂಧದ ವಿಷಯವೂ ಆಟವೇ. ಮನುಷ್ಯ ಒಂದು ಕೆಲಸದಲ್ಲಿ ಮೈಮರೆಯುವುದು ಯಾವಾಗ ಅಂತ ಚಿಕ್‌ಸೆಂಟ್‌ಮಿಹಾಯಿ ಅನ್ನುವ ಮನಶ್ಶಾಸ್ತ್ರಜ್ಞ ದಶಕಗಳ ಕಾಲ ಅಧ್ಯಯನ ಮಾಡಿದ್ದರು. ಕೆಲಸ ತೀರಾ ಸುಲಭ ಇದ್ದರೆ ಬೇಸರ, ತೀರಾ ಕಷ್ಟ ಇದ್ದರೆ ದಿಗಿಲು, ನಡುವೆ ಒಂದು ಹದ. ಆ ಹದವನ್ನು ಆಡುವವನ ಕೈಗೇ ಕೊಟ್ಟರೆ ಹೇಗೆ ಅನ್ನುವುದು ಚೆನ್‌ನ ಪ್ರಶ್ನೆ. ಪ್ರಬಂಧದ ಜೊತೆಗೆ ‘ಫ್ಲೋ’ ಅನ್ನುವ ಆಟವನ್ನೂ ಮಾಡಿ ತೋರಿಸಿದ. ನೀರಿನಲ್ಲಿ ಈಜುವ ಒಂದು ಪುಟ್ಟ ಜೀವಿ, ಬೇಕಾದರೆ ಆಳಕ್ಕೆ ಇಳಿ, ಕಷ್ಟ ಆದರೆ ಮೇಲೆ ಬಾ. ಮುಂದೆ ಅವನದೇ ಕಂಪನಿ ಆಯಿತು. 2012ರಲ್ಲಿ ಬಂದ ಅವರ ‘ಜರ್ನಿ’ ಜಗತ್ತಿನ ತುಂಬ ಹೆಸರು ಮಾಡಿತು. ನಮಗೆ ಕಂಪನಿ ಮುಖ್ಯ ಅಲ್ಲ. ಒಬ್ಬ ವಿದ್ಯಾರ್ಥಿ ತನ್ನ ಕಾಯಿಲೆಯ ನೆನಪನ್ನು ತಂದಾಗ ವಿಶ್ವವಿದ್ಯಾಲಯ ‘ಇದು ಸಿಲೆಬಸ್‌ನಲ್ಲಿ ಇಲ್ಲ’ ಅನ್ನಲಿಲ್ಲವಲ್ಲ, ಅದು ಮುಖ್ಯ.

‘ಅದೆಲ್ಲ ಕಲೆ ಆಯಿತು, ವಿಜ್ಞಾನ ಎಲ್ಲಿ?’ ಅಂತ ಕೇಳುವ ಮೇಷ್ಟ್ರುಗಳಿಗೆ ಇನ್ನೊಂದು. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ 2008ರಲ್ಲಿ ‘ಫೋಲ್ಡಿಟ್’ ಅನ್ನುವ ಆಟ ಶುರುವಾಯಿತು. ನಮ್ಮ ದೇಹದ ಪ್ರೋಟೀನು ಒಂದು ಉದ್ದ ದಾರದ ಹಾಗೆ, ಅದು ಹೇಗೆ ಮಡಚಿಕೊಳ್ಳುತ್ತದೆ ಅನ್ನುವುದರ ಮೇಲೆ ಅದರ ಕೆಲಸ. ಆಟದಲ್ಲಿ ಆ ದಾರವನ್ನು ತಿರುಚಿ, ಮಡಚಿ, ಹೆಚ್ಚು ಅಂಕ ಬರುವ ಆಕಾರ ಹುಡುಕಬೇಕು. ಪ್ರೊಫೆಸರ್ ಡೇವಿಡ್ ಬೇಕರ್ ಅವರ ತಂಡದ ಜೊತೆ ಇದನ್ನು ಕಟ್ಟಿದವರಲ್ಲಿ ಮುಖ್ಯನಾದ ಸೇತ್ ಕೂಪರ್ ಆಗ ಪಿಎಚ್‌ಡಿ ವಿದ್ಯಾರ್ಥಿ. 2011ರಲ್ಲಿ, ಕೋತಿಗಳಲ್ಲಿ ಏಡ್ಸ್‌ನಂಥ ಕಾಯಿಲೆ ತರುವ ವೈರಸ್‌ನ ಒಂದು ಪ್ರೋಟೀನಿನ ರಚನೆಯನ್ನು ಈ ಆಟಗಾರರು ಬಿಡಿಸಿದರು. ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಗ್ಗದಿದ್ದ ಸಮಸ್ಯೆ ಮೂರು ವಾರದೊಳಗೆ ಬಗ್ಗಿತು. ಆಡಿದವರಲ್ಲಿ ಬಹಳ ಜನ ಜೀವವಿಜ್ಞಾನ ಓದಿದವರೇ ಅಲ್ಲ. ಬೇಕರ್ ಅವರಿಗೆ ಪ್ರೋಟೀನ್ ವಿನ್ಯಾಸದ ಕೆಲಸಕ್ಕೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ನಮ್ಮ ಕಡೆ ಬರೋಣ. ಗೇಮ್, ಆನಿಮೇಷನ್ ಅಂತ ನೀತಿ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ, 2012ರಲ್ಲೇ. ಆಮೇಲೆ ಇನ್ನೆರಡು ನೀತಿ ಬಂದವು, ಈಗ ನಡೆಯುತ್ತಿರುವುದು 2024ರಿಂದ 2029ರದ್ದು. ಓದಿ ನೋಡಿ. ಹೂಡಿಕೆ, ಉದ್ಯೋಗ, ರಫ್ತು, ಕೌಶಲ. ಬೇಡ ಅನ್ನುವುದಿಲ್ಲ, ಹುಡುಗರಿಗೆ ಕೆಲಸ ಬೇಕೇ ಬೇಕು. ಬೆಂಗಳೂರಿನ ಸ್ಟುಡಿಯೊಗಳು ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಕಾರು, ಕಟ್ಟಡ ಬಿಡಿಸಿಕೊಟ್ಟು ಹೆಸರು ಮಾಡಿವೆ, ಕೈಚಳಕಕ್ಕೆ ಕೊರತೆ ಇಲ್ಲ. ಆದರೆ ಕಥೆ ಯಾರದ್ದು? ರಸ್ತೆ ಯಾವ ಊರಿನದ್ದು? ಗಾರೆ ಕೆಲಸಕ್ಕೆ ನಾವು, ಗೃಹಪ್ರವೇಶ ಅವರದ್ದು. ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ಗೆ ಸ್ನಾತಕೋತ್ತರ ಕೋರ್ಸ್ ಇದೆ. ಒಳ್ಳೆಯ ಕೋರ್ಸ್. ಆದರೆ ಇಡೀ ದೇಶಕ್ಕೆ ಪರೀಕ್ಷೆ ಇಟ್ಟು ಬೆರಳೆಣಿಕೆಯ ಜನರನ್ನು ಆರಿಸುವ ಜಾಗ ಅದು. ಸಿಂಧನೂರಿನ, ಹಿರಿಯೂರಿನ ಬಿಎ ಹುಡುಗಿಗೆ ಅದರ ಹೆಸರೂ ಕೇಳಿಸುವುದಿಲ್ಲ.

ಆಟ ಕಟ್ಟುವುದು ನಮಗೆ ಹೊಸದು ಅನ್ನುವವರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ನೆನಪಿಸಬೇಕು. ಅವರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಅನ್ನುವ ಇಡೀ ಒಂದು ಭಾಗ ಆಟಗಳಿಗೇ ಮೀಸಲು. ಮಣೆ ಆಟ, ಎಲೆ ಆಟ, ಹೊಸದಾಗಿ ಕಟ್ಟಿದ ಆಟಗಳು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕವನ್ನೂ ಆ ದೊರೆ ಬಿಡಿಸಿದ್ದರು. ರಾಜನಾದ್ದರಿಂದ ‘ಓದೋದು ಬಿಟ್ಟು ಆಟ ಆಡ್ತೀಯಾ’ ಅಂತ ಯಾರೂ ಕಿವಿ ಹಿಂಡಲಿಲ್ಲ ಅನ್ನಿ. ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಯಾರೋ ಹೊತ್ತು ಕಳೆಯಲು ಕೊರೆದ ಆಟದ ಮಣೆಗಳು ಈಗಲೂ ಇವೆ. ಅಳಗುಳಿ ಮಣೆ ಬೇಸಾಯದ ಲೆಕ್ಕ: ಬೀಜ ಹಂಚು, ಕಾದು ಕೂಡು. ಹುಲಿ-ಕುರಿ ಆಟದಲ್ಲಿ ಹುಲಿಗೆ ಬಲ, ಕುರಿಗೆ ಸಂಖ್ಯೆ, ಎರಡೂ ಕಡೆಗೆ ನಿಯಮವೇ ಬೇರೆ. ನಮ್ಮ ಅಜ್ಜಿಯರು ಜಗಲಿಯ ಮೇಲೆ ಬಳಪದಲ್ಲಿ ಗೀಚಿದ ಈ ವಿನ್ಯಾಸವನ್ನು ಜಾನಪದ ವಿಭಾಗದವರು ಫೋಟೊ ತೆಗೆದು ಪುಸ್ತಕದಲ್ಲಿ ಹಾಕುತ್ತಾರೆ, ಪಕ್ಕದ ಕಟ್ಟಡದ ಕಂಪ್ಯೂಟರ್ ವಿಭಾಗದವರಿಗೆ ಅದು ಗೊತ್ತೇ ಇರುವುದಿಲ್ಲ. ಎರಡು ಕಟ್ಟಡಗಳ ನಡುವೆ ಒಂದು ಬೇವಿನ ಮರ ಮತ್ತು ಸ್ಟಾಫ್ ಪಾರ್ಕಿಂಗ್.

ಖರ್ಚಿನ ನೆಪ ಬೇಡ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಆಟ ಮಾಡಿದಾಗ ಆ ಕಂಪ್ಯೂಟರಿನ ಬೆಲೆ ಲಕ್ಷ ಡಾಲರ್ ದಾಟಿತ್ತು. ಇವತ್ತು ‘ಗೊಡೊ’ ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಬ್ ಕಂಪ್ಯೂಟರಿನಲ್ಲೂ ಸಣ್ಣ ಆಟಕ್ಕೆ ಸಾಕಾಗುತ್ತದೆ. ಇನ್ನೊಂದು ಸಂಗತಿ ಕನ್ನಡದವರಿಗೆ ಮುಖ್ಯ. ಮುಂಚೆ ಇಂಥ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಬರೆದರೆ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗುತ್ತಿತ್ತು. 2023ರಲ್ಲಿ ಬಂದ ಗೊಡೊ ನಾಲ್ಕನೇ ಆವೃತ್ತಿಯಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಇದೆ. ಅಂದರೆ ‘ಅಜ್ಜಿ’ ಅಜ್ಜಿಯಾಗಿಯೇ ಕಾಣುತ್ತಾಳೆ. ಬೇಕಿರುವುದು ವಾರಕ್ಕೆ ನಾಲ್ಕು ತಾಸು ಲ್ಯಾಬ್ ಬೀಗ ತೆಗೆಯುವವರು.

ಚಟದ ಭಯ? ನಮಗೂ ಇದೆ. ಅದಕ್ಕೇ ಸಂಶೋಧನೆ ಬೇಕು ಅನ್ನುತ್ತಿರುವುದು. ದುಡ್ಡು ಕೊಟ್ಟು ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ತೆರೆಯುವ ವ್ಯವಸ್ಥೆ ಎಷ್ಟೋ ಆಟಗಳಲ್ಲಿದೆ. ಇಂಗ್ಲೆಂಡಿನಲ್ಲಿ ಇಬ್ಬರು ಸಂಶೋಧಕರು 7 ಸಾವಿರಕ್ಕೂ ಹೆಚ್ಚು ಆಟಗಾರರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೂಜಿನ ಸಮಸ್ಯೆ ಹೆಚ್ಚಿದ್ದವರೇ ಈ ಪೆಟ್ಟಿಗೆಗಳಿಗೆ ಹೆಚ್ಚು ಖರ್ಚು ಮಾಡುತ್ತಿದ್ದುದು ಕಂಡಿತು. ಅದೇ ವರ್ಷ ಬೆಲ್ಜಿಯಂ ಸರ್ಕಾರ ಇಂಥ ಪೆಟ್ಟಿಗೆಗಳನ್ನು ಜೂಜು ಅಂದಿತು. ನಮ್ಮ ಹಳ್ಳಿ ಹುಡುಗರು ಡೈಮಂಡ್ ಕೊಳ್ಳಲು ಅಪ್ಪನ ಫೋನಿನ ಪಿನ್ ನೋಡಿಕೊಳ್ಳುವುದು ಹೇಗೆ, ಎಷ್ಟು, ಯಾಕೆ ಅಂತ ಕನ್ನಡದಲ್ಲಿ ಕೂತು ಕೇಳುವವರು ಯಾರು? ಒಂದು ಗುಂಡಿಯನ್ನು ಕೆಂಪಗೆ ಯಾಕೆ ಮಿನುಗಿಸುತ್ತಾರೆ, ಸೋಲುವ ಮುಂಚೆ ಎರಡು ಸಲ ಯಾಕೆ ಗೆಲ್ಲಿಸುತ್ತಾರೆ ಅಂತ ತಾನೇ ಒಂದು ಆಟ ಕಟ್ಟಿ ನೋಡಿದ ಹುಡುಗನಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟರೆ ಗೊತ್ತಾಗುವುದಿಲ್ಲ. ಬೀರು ಬೀಗದ ಕೈ ಎಲ್ಲಿದೆ ಅಂತ ಗೊತ್ತಾಗುತ್ತದೆ ಅಷ್ಟೆ.

ಕುಲಪತಿಗಳಿಗೆ, ಪಠ್ಯ ಮಂಡಳಿಯವರಿಗೆ ನಮ್ಮ ಬೇಡಿಕೆ ಸಣ್ಣದು. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಕೊನೆ ವರ್ಷದ ಪ್ರಾಜೆಕ್ಟ್‌ಗೆ ‘ಕನ್ನಡದಲ್ಲಿ ಒಂದು ಆಟ’ ಅನ್ನುವುದನ್ನೂ ಒಪ್ಪಿಕೊಳ್ಳಿ. ಕನ್ನಡ ಎಂಎ ಹುಡುಗಿ ಮತ್ತು ಬಿಸಿಎ ಹುಡುಗ ಒಂದೇ ಪ್ರಾಜೆಕ್ಟ್‌ಗೆ ಸಹಿ ಹಾಕಬಹುದು ಅಂತ ನಿಯಮ ತಿದ್ದಿ. ಮಾಡಿದ ಆಟವನ್ನು ಸಿಡಿಯಲ್ಲಿ ಹಾಕಿ ಕಪಾಟಿಗೆ ಸೇರಿಸದೆ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಇಡಿ, ಜನ ಆಡಲಿ. ಊರಿಗೆ ಒಯ್ದು ಹತ್ತು ಜನರ ಕೈಲಿ ಆಡಿಸಿ, ಅವರು ಎಲ್ಲಿ ಸಿಕ್ಕಿಕೊಂಡರು ಅಂತ ಬರೆದು ತಂದವರಿಗೆ ಅದಕ್ಕೂ ಅಂಕ ಕೊಡಿ.

ಇದು ಗಂಭೀರ ಪ್ರಾಜೆಕ್ಟ್ ಅಲ್ಲ ಅನ್ನುತ್ತೀರಾದರೆ ಒಂದು ಪ್ರಶ್ನೆ ಇದೆ. ನಮ್ಮ ಕಾಲೇಜುಗಳಲ್ಲಿ ವರ್ಷಾ ವರ್ಷ ಅದೇ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಪ್ರಾಜೆಕ್ಟ್ ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಆಗಿ ಬಂದು ನಿಮ್ಮ ಮೇಜಿನ ಮೇಲೆ ಕೂರುತ್ತದಲ್ಲ. ಅದು ಜಿಲ್ಲೆಯ ಯಾವ ಲೈಬ್ರರಿಯಲ್ಲಿ ಓಡುತ್ತಿದೆ, ಒಂದನ್ನು ತೋರಿಸಿ. ನಾವು ಕ್ಯಾಮೆರಾ ತರುತ್ತೇವೆ.